ಗುಂಪಿನ ಹೆಸರುಗಳು

ಸ್ವಪ್ನಾ ಮೇಡಂ ಅವರ ಇಂಗ್ಲಿಷ್ ಟ್ಯೂಶನ್ನಿಗೆ ಬರುತ್ತಿದ್ದ ನಲವತ್ತಮೂರು ಮಕ್ಕಳ ನೋಟ್‌ಬುಕ್ಕುಗಳಲ್ಲಿ ಕೆಂಪು ಪೆನ್ನಿನಿಂದ ಸರಿ-ತಪ್ಪು ಹಾಕುತ್ತಿದ್ದವಳು ಮೇಡಂ ಅಲ್ಲ, ಅಲ್ಲಿ ಕಸ ಹೊಡೆಯುತ್ತಿದ್ದ ತುಳಜಾ. ಈ ಸಂಗತಿ ಮೇಡಂಗೂ ತುಳಜಾಳಿಗೂ ಅವಳ ಸೋದರತ್ತೆಗೂ ಬಿಟ್ಟರೆ ದಾಂಡೇಲಿಯ ಬಂಗೂರನಗರದಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಅವಳು ಕೆಲಸಕ್ಕೆ ಬಂದಾಗ ಮೇಡಂ ಮೊದಲು ಕಲಿಸಿದ್ದು ಕರೆಯುವ ರೀತಿ. "ಅಕ್ಕೋರ ಅನಬ್ಯಾಡ. ಅದು ಕನ್ನಡ ಸಾಲಿ ಚಾಳಿ. ಮೇಡಂ ಅನು." ತುಳಜಾ ಹೂಂ ಎಂದಳು. ಮಧ್ಯಾಹ್ನ ಮೇಡಂ ಮನೆಯ ಎರಡು ಕೋಣೆ ಗುಡಿಸಿ ಒರೆಸಿ, ಮಕ್ಕಳು ಬಂದಮೇಲೆ ಪಡಸಾಲೆಯಲ್ಲಿ ಚಪ್ಪಲಿ ಕಾಯುತ್ತ ಕೂಡುವುದು ಅವಳ ಕೆಲಸ. ಓಣಿಯ ನಾಯಿಗಳಿಗೆ ಮಕ್ಕಳ ಚಪ್ಪಲಿ ಕಂಡರೆ ಬಹಳ ಪ್ರೀತಿ. ಚಪ್ಪಲಿ ಕಾಯಲು ಕಣ್ಣು ಸಾಕು, ಕಿವಿ ಖಾಲಿ ಇರುತ್ತಿತ್ತು. ಆ ಖಾಲಿ ಕಿವಿಯಲ್ಲಿ ಅವಳು ಒಂದು ವರ್ಷದ ಪಾಠ ತುಂಬಿಕೊಂಡಳು.

ಒಮ್ಮೆ ಮೇಡಂಗೆ ಜ್ವರ ಬಂತು. ನೋಟ್‌ಬುಕ್ಕುಗಳ ರಾಶಿ ಟೇಬಲ್ಲಿನ ಮೇಲೆ ಹಾಗೇ ಬಿದ್ದಿತ್ತು. ಧೂಳು ಒರೆಸುವಾಗ ತೆರೆದಿದ್ದ ಒಂದು ಪುಟ ನೋಡಿ ತುಳಜಾ ಮೆಲ್ಲಗೆ, "ಇಲ್ಲೆ ಎಸ್ ಬಿಟ್ಟೈತ್ರಿ ಹುಡುಗಿ," ಎಂದಳು. ಮೇಡಂ ಹಾಸಿಗೆಯಿಂದಲೇ ಅವಳ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ದಿಂಬಿನ ಕೆಳಗಿದ್ದ ಕೆಂಪು ಪೆನ್ನು ತೆಗೆದು ಅವಳ ಕೈಗೆ ಕೊಟ್ಟರು. ಜ್ವರ ಇಳಿಯಿತು, ಪೆನ್ನು ಹಿಂದಿರುಗಲಿಲ್ಲ. ಮೇಡಂ ಬರೆಯುವಂತೆಯೇ ಬಾಲ ಸುತ್ತಿ 'ಗುಡ್' ಬರೆಯುವುದನ್ನು, ಕೆಳಗೆ ಅವರ ಸಣ್ಣ ಸಹಿ ಎಳೆಯುವುದನ್ನು ತುಳಜಾ ಎಂಟು ದಿನದಲ್ಲಿ ಕಲಿತಳು. ದಿನಾ ಸಂಜೆ ಸಿಮೆಂಟಿನ ಚೀಲವೊಂದರಲ್ಲಿ ನೋಟ್‌ಬುಕ್ಕು ತುಂಬಿಕೊಂಡು ತಾನಿರುವ ಸೋದರತ್ತೆಯ ಮನೆಗೆ ಒಯ್ಯುವಳು, ಮರುದಿನ ಮಧ್ಯಾಹ್ನ ತರುವಳು. ದಾರಿಯಲ್ಲಿ ಯಾರಾದರೂ ಕೇಳಿದರೆ ರದ್ದಿ ಎನ್ನಬೇಕೆಂದು ಮೇಡಂ ಹೇಳಿಟ್ಟಿದ್ದರು.

ತುಳಜಾಳ ಮನೆ ಹಳಿಯಾಳ ತಾಲೂಕಿನ ಸಾಂಬ್ರಾಣಿ ಊರಿನ ಆಚೆಗಿನ ತಾಂಡಾದಲ್ಲಿ. ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಅಪ್ಪ ಜೈರಾಮ, ಅವ್ವ ತುಳಸಿಬಾಯಿ ಕಬ್ಬು ಕಡಿಯಲು ಬೆಳಗಾವಿ ಕಡೆ ಗ್ಯಾಂಗಿನ ಜತೆ ಹೊರಟರು. ಅವಳನ್ನೂ, ತಮ್ಮ ಪರಶುರಾಮನನ್ನೂ ಕರೆದೊಯ್ದರು. ಐದು ತಿಂಗಳ ಮೇಲೆ ತಿರುಗಿ ಬಂದಾಗ ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಹೊಡೆದುಹಾಕಿದ್ದರು. ಹೆಡ್‌ಮಾಸ್ಟರು ಬೈಯಲೂ ಇಲ್ಲ. ಟಿಸಿ ಬರೆದು ಅಪ್ಪನ ಕೈಗೆ ಕೊಟ್ಟರು. ಈಗ ಅವಳಿಗೆ ಇಪ್ಪತ್ತು. ದಾಂಡೇಲಿಯಲ್ಲಿ ಅಪ್ಪನ ತಂಗಿ ಗೋದುಬಾಯಿಯ ಒಂದೇ ಕೋಣೆಯ ಮನೆಯಲ್ಲಿ ಇರುತ್ತಾಳೆ. ಹತ್ತನೆಯದನ್ನು ಹೊರಗಿನಿಂದ ಕಟ್ಟಿ ಪಾಸಾಗಬೇಕೆಂಬುದೊಂದು ಆಸೆ ಬಿಟ್ಟರೆ ಅವಳಿಗೆ ಬೇರೆ ಏನೂ ಇರಲಿಲ್ಲ. ಆ ಆಸೆಯನ್ನು ಬಾಯಿಬಿಟ್ಟು ಹೇಳಲು ಅವಳಿಗೆ ಒಂದೂವರೆ ವರ್ಷ ಹಿಡಿಯಿತು.

ಜೂನ್ ತಿಂಗಳಲ್ಲಿ ಒಂದು ದಿನ ಹೇಳಿದಳು. "ಮೇಡಂ, ಹತ್ತನೇತ್ತಾ ಹೊರಗಿನಿಂದ ಕಟ್ಟಬಹುದಂತಲ್ರಿ."

"ಕಟ್ಟ. ಯಾಕ ಕಟ್ಟಬಾರ್ದು?" ಎಂದರು ಮೇಡಂ. "ಹೈಸ್ಕೂಲಿನ ಕ್ಲರ್ಕು ಯಲ್ಲಪ್ಪ ನಮ್ಮ ಮನೆಯವರ ಗೆಳ್ಯಾ. ಟಿಸಿ, ಆಧಾರ್, ಎರಡು ಫೋಟೋ ತಂದು ನನ್ನ ಕಡೆ ಕೊಡು. ಫಾರ್ಮ್ ತುಂಬೂದೆಲ್ಲ ನಾ ನೋಡ್ಕೋತೇನಿ. ನೀ ತಲಿ ಕೆಡಿಸ್ಕೋಬ್ಯಾಡ."

ಮರುದಿನವೇ ತುಳಜಾ ಎಲ್ಲವನ್ನೂ ಒಂದು ಕಂದು ಲಕೋಟೆಯಲ್ಲಿ ಹಾಕಿ, ಬಾಯಿಗೆ ಪಿನ್ನು ಹೊಡೆದು ತಂದುಕೊಟ್ಟಳು. ಮೇಡಂ ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಕೊಡುವಾಗ ಅವಳಿಗೆ ಅಳುಕಾಗಲಿಲ್ಲ. ಕಾಗದವೆಂದರೆ ದೊಡ್ಡವರ ಕಡೆ ಇರಬೇಕು ಎಂದೇ ಅವಳು ತಾಂಡಾದಲ್ಲಿ ನೋಡಿಕೊಂಡು ಬೆಳೆದದ್ದು. ಕಬ್ಬಿನ ಹಂಗಾಮು ಶುರುವಾಗುವಾಗ ಗ್ಯಾಂಗನ್ನು ಕರೆದೊಯ್ಯುವ ಮುಕಾದಮ ಬಂದು ಎಲ್ಲರ ರೇಶನ್ ಕಾರ್ಡು, ಆಧಾರ್ ಕಾರ್ಡು ಒಟ್ಟುಮಾಡಿ ತನ್ನ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಳ್ಳುತ್ತಿದ್ದ. ಗುಡಿಸಲಲ್ಲಿ ಇಲಿ ತಿನ್ನುತ್ತದೆ, ಮಂಜಿಗೆ ತೋಯುತ್ತದೆ, ಅವನ ಕಡೆ ಇದ್ದರೆ ಚಲೋ ಎಂದು ಜನ ಖುಷಿಯಿಂದಲೇ ಕೊಡುತ್ತಿದ್ದರು. ಅಪ್ಪ ಅವಳ ಟಿಸಿಯನ್ನೂ ಅದೇ ಚೀಲಕ್ಕೆ ಹಾಕಿದ್ದ. ಮೂರು ಹಂಗಾಮು ಅದು ಮುಕಾದಮನ ಕಡೆಯೇ ಇತ್ತು. ಆಮೇಲೆ ಅತ್ತೆಯ ಟ್ರಂಕು, ಈಗ ಮೇಡಂ ಕಪಾಟು. ತುಳಜಾಳ ಹೆಸರಿನ ಆ ಕಾಗದ ಅವಳ ಕೈಯಲ್ಲಿ ಒಂದು ಪೂರಾ ದಿನ ಇದ್ದದ್ದೇ ಇಲ್ಲ.

ಜುಲೈ, ಆಗಸ್ಟ್ ಹೋಯಿತು. ಕೇಳಿದರೆ ಮೇಡಂ "ಇನ್ನೂ ಟೈಮ್ ಐತಿ" ಎನ್ನುವರು. ಮತ್ತೆ ಕೇಳಿದರೆ "ಯಲ್ಲಪ್ಪಗ ಹೇಳೇನಿ" ಎನ್ನುವರು. ಮೂರನೆಯ ಸಲ ಕೇಳುವ ಧೈರ್ಯ ಒಟ್ಟುಗೂಡಲು ತುಳಜಾಳಿಗೆ ಒಂದು ತಿಂಗಳು ಬೇಕಾಗುತ್ತಿತ್ತು.

ದಸರೆ ರಜೆ ಮುಗಿದಮೇಲೆ ಮೇಡಂ ನಾಮಪದದ ಪಾಠ ಎತ್ತಿಕೊಂಡರು. ಪ್ರಾಪರ್, ಕಾಮನ್, ಮಟೀರಿಯಲ್, ಅಬ್‌ಸ್ಟ್ರ್ಯಾಕ್ಟ್ ಎಂದು ಹಲಗೆಯ ಮೇಲೆ ಮನೆ ಮನೆ ಹಾಕಿ ಬರೆದರು. ತುಳಜಾಳಿಗೆ ತನ್ನ ಸಾಲೆಯ ರೂಢನಾಮ, ಅಂಕಿತನಾಮ ನೆನಪಾದವು. ಇಂಗ್ಲಿಷಿನಲ್ಲಿ ಅಂಕಿತನಾಮಕ್ಕೆ ದೊಡ್ಡಕ್ಷರದ ಮರ್ಯಾದೆ ಕೊಡುತ್ತಾರೆ ಎಂಬುದು ಅವಳಿಗೆ ಮೊದಲಿನಿಂದ ಹಿಡಿಸಿದ ಸಂಗತಿ. ಊರಿಗೂ ನದಿಗೂ ಆ ಮರ್ಯಾದೆ ಉಂಟು, ಯಾವ ಬಡವನ ಮಗಳ ಹೆಸರಿಗೂ ಉಂಟು.

"ಈಗ ಕಲೆಕ್ಟಿವ್ ನೌನ್," ಎಂದರು ಮೇಡಂ. "ಒಂದ ಆಕಳ ಇದ್ರ ಕೌ. ಹತ್ತು ಕೂಡಿದ್ರ ಹರ್ಡ್. ಅಂದ್ರ ಗುಂಪಿನ ಹೆಸರು. ಎಷ್ಟ ಮಂದಿ ಇದ್ರೂ ಹೆಸರು ಒಂದ."

ಹಿಂದಿನ ಸಾಲಿನಿಂದ ಮೌನೇಶ ಕೈ ಎತ್ತಿದ. ಅವನಿಗೆ ಪ್ರಶ್ನೆ ಕೇಳುವ ಚಟ. "ಹಂದಿ ಗುಂಪಿಗೆ ಏನಂತಾರ್ರಿ ಮೇಡಂ?"

ಮೇಡಂ ಹಲಗೆಯ ಕಡೆ ತಿರುಗಿದರು. "ಸುಮ್ನ ಕೂಡು. ಹಂದಿ ಸಿಲೆಬಸ್‌ನ್ಯಾಗ ಇಲ್ಲ."

"ನಮ್ಮ ಓಣ್ಯಾಗ ಅದಾವ್ರಿ."

ಎಲ್ಲರೂ ನಕ್ಕರು. ಮೇಡಂ ಬೇಗ ಬೇಗ ಮುಂದಿನದನ್ನು ಬಾಯಿಪಾಠ ಹೇಳಿಸತೊಡಗಿದರು. ಕುರಿಗೆ ಫ್ಲಾಕ್, ಬೀಗದ ಕೈಗೆ ಬಂಚ್, ಹಡಗಿಗೆ ಫ್ಲೀಟ್, ಕಳ್ಳರಿಗೆ ಗ್ಯಾಂಗ್.

ಪಡಸಾಲೆಯಲ್ಲಿ ತುಳಜಾ ನೆಟ್ಟಗಾದಳು. ಗ್ಯಾಂಗ್ ಎಂಬುದು ಅವಳಿಗೆ ಹುಟ್ಟಿನಿಂದ ಗೊತ್ತಿದ್ದ ಶಬ್ದ. ತಾಂಡಾದಲ್ಲಿ ಮದುವೆಗೆ ಹೆಣ್ಣು ಕೇಳಲು ಬಂದವರು ಹುಡುಗ ಯಾವ ಗ್ಯಾಂಗಿನವನೆಂದು ವಿಚಾರಿಸುತ್ತಿದ್ದರು. ಅದರೊಳಗೆ ಇನ್ನೊಂದು ಲೆಕ್ಕವಿತ್ತು: ಗಂಡ-ಹೆಂಡತಿ ಕೂಡಿದರೆ ಒಂದು ಕೊಯ್ತಾ, ಅಂದರೆ ಒಂದು ಕುಡುಗೋಲು. ಮುಕಾದಮ ಮನುಷ್ಯರನ್ನು ಎಣಿಸುತ್ತಿರಲಿಲ್ಲ, ಕೊಯ್ತಾ ಎಣಿಸುತ್ತಿದ್ದ. ಒಂಟಿಯಾದವರು ಅರ್ಧ ಕೊಯ್ತಾ. ಹದಿನಾಲ್ಕರ ತುಳಜಾ, ಹನ್ನೆರಡರ ಪರಶುರಾಮ ಸೇರಿ ಒಂದು ಎಂದು ಬರೆಸಿಕೊಂಡಿದ್ದರು. ಇಂಥ ಗುಂಪಿನ ಹೆಸರು ಮೇಡಂ ಪುಸ್ತಕದಲ್ಲಿ ಇರಲಿಲ್ಲ. ಒಳಗೆ ನಲವತ್ತಮೂರು ದನಿ ಒಂದೇ ಸಮನೆ ಕಳ್ಳರ ಗ್ಯಾಂಗನ್ನು ಕೂಗುತ್ತಿತ್ತು. ಅವಳು ಕಾಲಿನಿಂದ ಚಪ್ಪಲಿಗಳನ್ನು ಸಾಲಾಗಿ ಸರಿಸುತ್ತ ಕೂತಳು.

ಆ ಸಂಜೆ ನೋಟ್‌ಬುಕ್ಕು ತಿದ್ದುವಾಗ ಮೌನೇಶನ ಸರದಿ ಬಂತು. ಮೇಡಂ ಕೊಟ್ಟಿದ್ದ ಹಳೆಯ ಗ್ರಾಮರ್ ಪುಸ್ತಕದ ಹಿಂದಿನ ಪುಟಗಳಲ್ಲಿ ಅವಳು ಹುಡುಕಿ ನೋಡಿದಳು. ಹಂದಿಗೂ ಹರ್ಡ್ ಎನ್ನಬಹುದೆಂದು ಇತ್ತು. ಅದನ್ನು ಪುಟದ ಬದಿಯಲ್ಲಿ ಬರೆದು, ಕೆಳಗೆ 'ಒಳ್ಳೆಯ ಪ್ರಶ್ನೆ' ಎಂದು ಇಂಗ್ಲಿಷಿನಲ್ಲೇ ಸೇರಿಸಿ, ಮೇಡಂ ಸಹಿ ಎಳೆದಳು.

ಮುಂದಿನ ವಾರ ಅತ್ತೆ ತಾನು ಕೆಲಸ ಮಾಡುವ ಕಾಲೇಜಿನಿಂದ ಸುದ್ದಿ ತಂದಳು. ಹೊರಗಿನಿಂದ ಪರೀಕ್ಷೆ ಕಟ್ಟುವವರ ಕಾಗದ ಕೊಡಲು ಶನಿವಾರವೇ ಕಡೆಯ ದಿನವಂತೆ. ಹೈಸ್ಕೂಲಿನ ಕಚೇರಿ ಅವತ್ತು ಐದು ಗಂಟೆಯ ತನಕ ತೆರೆದಿರುತ್ತದಂತೆ.

"ನಿಂದು ಕೊಟ್ಟಾರಿಲ್ಲೊ ಕೇಳು," ಎಂದಳು ಗೋದುಬಾಯಿ, ಒಲೆಯ ಮುಂದಿನಿಂದ.

"ಕೊಟ್ಟಿರ್ತಾರ."

"ಇರ್ತಾರ ಅಂದ್ರ? ಕೇಳಾಕ ಬಾಯಾಗ ಏನ್ ಹುಣ್ಣಾಗೈತಿ?"

"ಸಿಟ್ಟಾಗ್ತಾರತ್ತಿ."

"ಕಾಗದಾ ಅವರ ಕಡೆ ಕೊಟ್ಟ ಮ್ಯಾಲ ಅವರ ಸಿಟ್ಟೂ ಹೊಟ್ಟ್ಯಾಗ ಹಾಕ್ಕೋಬೇಕವಾ," ಎಂದು ಅತ್ತೆ ರೊಟ್ಟಿ ತಿರುವಿದಳು. "ನಿಮ್ಮಪ್ಪ ಮುಕಾದಮನ ಮುಂದ ನಿಲ್ಲೂದು ನೋಡಿಲ್ಲೇನು?"

ಶುಕ್ರವಾರ ತುಳಜಾ ಕೇಳಿಯೇಬಿಟ್ಟಳು. ಮರುದಿನ ಎರಡು ಗಂಟೆಗೆ ಪಾಲಕರ ಸಭೆ. ಮೇಡಂ ಚಾರ್ಟು ಅಂಟಿಸುವ ಗಡಿಬಿಡಿಯಲ್ಲಿದ್ದರು. "ಅಯ್ಯ, ನಾಳೆ ಕೊಟ್ಟರಾತು, ಐದರ ತನಕ ಐತಲ್ಲ. ಮೊದಲ ಈ ಗೋಂದು ಹಚ್ಚು." ಅಂದರೆ ಇನ್ನೂ ಕೊಟ್ಟಿಲ್ಲ ಎಂದು ಅವಳಿಗೆ ಆಗ ತಿಳಿಯಿತು. ಗೋಂದು ಹಚ್ಚಿದಳು.

ಶನಿವಾರ ಮಧ್ಯಾಹ್ನ ಕೋಣೆ ತುಂಬ ತಂದೆ-ತಾಯಂದಿರು. ಮಿಲ್ಲಿನವರು, ಅಂಗಡಿಯವರು, ಕೋಗಿಲಬನದಿಂದ ಬಂದ ಇಬ್ಬರು. ಮಕ್ಕಳು ಗೋಡೆಗುಂಟ ನಿಂತು ನಾಮಪದದ ಬಗೆಗಳನ್ನು ಹಾಡಿನಂತೆ ಹೇಳಿದರು. ಮೇಡಂ ಹೊಸ ಸೀರೆ ಉಟ್ಟಿದ್ದರು. ತುಳಜಾ ಒಳಗೆ ಚಹಾ ಕಾಸುತ್ತ ಗೋಡೆ ಗಡಿಯಾರ ನೋಡುತ್ತಿದ್ದಳು. ಮೂರಾಯಿತು. ಮೂರೂವರೆಯಾಯಿತು. ಕಪಾಟಿನ ಬೀಗದ ಕೈ ಮೇಡಂ ಸೊಂಟದಲ್ಲಿತ್ತು.

ಅವಳು ಟ್ರೇ ಹಿಡಿದು ಒಳಗೆ ಬಂದಾಗ ಮೌನೇಶನ ಅಪ್ಪ ಲೋಕೇಶ ಮಾತಾಡುತ್ತಿದ್ದ. ಮಗನ ನೋಟ್‌ಬುಕ್ಕು ಅವನ ಕೈಯಲ್ಲಿತ್ತು. "ನಮ್ಮ ಹುಡುಗ ಹಂದೀದು ಕೇಳಿದ್ರ ಅದಕ್ಕೂ ಪುಸ್ತಕದ ಬದಿಗೆ ಬರದು ಉತ್ತರಾ ಕೊಟ್ಟೀರಿ ಮೇಡಂ. ಮನ್ಯಾಗ ಎಲ್ಲಾರಿಗೂ ತೋರಿಸ್ಕೋತ ತಿರಗ್ಯಾನ. ಹಿಂಗ ಒಂದೊಂದು ಮಗೂನ ಲಕ್ಷ್ಯ ಇಟ್ಟು ನೋಡೋರು ಎಲ್ಲಿ ಸಿಗ್ತಾರ್ರಿ?"

ಮೇಡಂಗೆ ಯಾವ ಹಂದಿ ಎಂದು ಹೊಳೆಯಲಿಲ್ಲ. ಆದರೂ ನಕ್ಕರು. "ನನಗ ಮಕ್ಕಳು ಪ್ರಶ್ನೆ ಕೇಳಿದ್ರ ಭಾಳ ಖುಷಿ ಆಗ್ತೈತ್ರಿ."

ತುಳಜಾ ಚಹಾ ಕೊಟ್ಟಳು. ಲೋಕೇಶನಿಗೆ ಕೊಟ್ಟಳು, ಕೊನೆಗೆ ಮೇಡಂಗೂ ಕೊಟ್ಟು ಅಲ್ಲೇ ನಿಂತಳು. ಗಡಿಯಾರ ನಾಲ್ಕು ದಾಟಿತ್ತು.

"ಮೇಡಂ, ನನ್ನ ಟಿಸಿ."

"ಆಮ್ಯಾಲ," ಎಂದರು ಮೇಡಂ, ತುಟಿ ಅಲುಗಿಸದೆ.

"ಈಗ ಬೇಕ್ರಿ. ಇವತ್ತ ಕಡೀ ದಿನ ಐತ್ರಿ."

ತನ್ನ ದನಿ ಇಷ್ಟು ದೊಡ್ಡದಿದೆ ಎಂದು ತುಳಜಾಳಿಗೆ ಗೊತ್ತಿರಲಿಲ್ಲ. ಮಂದಿ ಈ ಕಡೆ ತಿರುಗಿದರು. "ಯಾರದು ಟಿಸಿ?" ಎಂದು ಲೋಕೇಶ ಕೇಳಿದ. ಮೇಡಂ ಮುಖದ ಮೇಲೆ ನಗು ಅರೆಗಳಿಗೆ ಕದಲಿ ಮತ್ತೆ ಕೂತಿತು.

"ನಮ್ಮ ಆಯಾ ರೀ. ಹತ್ತನೇತ್ತಾ ಕಟ್ಟಾಕತ್ಯಾಳ. ಸಾಲಿ ಬಿಟ್ಟಿದ್ಲು, ನಾನ ಬೆನ್ನ ಹತ್ತಿ ಕಟ್ಟಸಾಕತ್ತೇನಿ. ಅಕ್ಷರ ಅಂದ್ರ ಎಲ್ಲಾರಿಗೂ ಸಿಗಬೇಕಲ್ರಿ."

ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಮೇಡಂ ಎದ್ದು ಕಪಾಟು ತೆರೆದು, ಲಕೋಟೆ ತೆಗೆದು, ಬಹುಮಾನ ಕೊಡುವಂತೆ ಎರಡೂ ಕೈಯಿಂದ ಕೊಟ್ಟರು. ಒಬ್ಬಾಕೆ ಮೊಬೈಲಿನಲ್ಲಿ ಫೋಟೋ ಹೊಡೆದಳು. "ನಗವಾ ಸ್ವಲ್ಪ," ಎಂದಳು. ತುಳಜಾ ಲಕೋಟೆಯ ಬಾಯಿ ನೋಡುತ್ತಿದ್ದಳು. ಜೂನ್‌ನಲ್ಲಿ ಅವಳು ಹೊಡೆದ ಪಿನ್ನು ಹಾಗೇ ಇತ್ತು.

ಹೈಸ್ಕೂಲಿನ ತನಕ ಓಡುತ್ತಲೇ ಹೋದಳು. ಕಚೇರಿಯಲ್ಲಿ ಯಲ್ಲಪ್ಪ ಒಬ್ಬನೇ ಕಂಪ್ಯೂಟರಿನ ಮುಂದೆ ಕೂತಿದ್ದ. ವಯಸ್ಸಾದವನು, ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದ. ಲಕೋಟೆ ಬಿಚ್ಚಿ ಒಂದೊಂದೇ ಕಾಗದ ನೋಡಿದ.

"ಸ್ವಪ್ನಾ ಮೇಡಂ ನಿಮಗ ಹೇಳಿರಬೇಕಲ್ರಿ, ತುಳಜಾ ಅಂತ," ಎಂದಳು ಏದುಸಿರು ಬಿಡುತ್ತ.

"ಇಲ್ಲವಾ. ಯಾರೂ ಏನೂ ಹೇಳಿಲ್ಲ." ಟಿಸಿಯನ್ನು ತಿರುವಿ ಹಾಕಿದ. "ಇದು ಹಳಿಯಾಳ ತಾಲೂಕಿನ ಸಾಲೀದು. ಅಲ್ಲೀ ಬಿಇಓ ಸಾಹೇಬರ ಮೇಲುಸಹಿ ಬೇಕು ಇದರ ಮ್ಯಾಲ. ಅದಿಲ್ದ ನನಗ ತಗೊಳ್ಳಾಕ ಬರೂದಿಲ್ಲ."

"ಈಗ ಹೋಗಿ ಹಾಕಿಸ್ಕೊಂಡ ಬರ್ತೇನ್ರಿ."

ಯಲ್ಲಪ್ಪ ಗಡಿಯಾರ ನೋಡಿದ. ಐದಕ್ಕೆ ಇಪ್ಪತ್ತು ನಿಮಿಷ ಇತ್ತು. ಹಳಿಯಾಳದ ಬಸ್ಸಿಗೆ ಒಂದು ತಾಸು ಬೇಕು ಎಂದು ಇಬ್ಬರಿಗೂ ಗೊತ್ತಿತ್ತು. ಅವನು ಕಾಗದಗಳನ್ನು ಮೂಲೆ ಕೂಡಿಸಿ ಮತ್ತೆ ಲಕೋಟೆಗೆ ಹಾಕಿದ. "ಮೊದಲಽ ಯಾಕ ತರಲಿಲ್ಲವಾ ನೀ? ಜೂನ್‌ನ್ಯಾಗ ತಂದಿದ್ರ ನಾನಽ ಹೇಳತಿದ್ದೆ." ಬೈಯುವ ದನಿಯಲ್ಲ ಅದು. ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

ತಿರುಗಿ ಟ್ಯೂಶನ್ನಿಗೆ ಬಂದಾಗ ಮಂದಿ ಹೋಗಿದ್ದರು. ಕಿಟಕಿಯ ಮೇಲೆ, ಬೆಂಚಿನ ಮೇಲೆ, ನೆಲದ ಮೇಲೆ ಚಹಾದ ಕಪ್ಪುಗಳು. ಮೇಡಂ ಚಪ್ಪಲಿ ಬಿಟ್ಟು ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದರು.

"ಕೊಟ್ಯಾ?"

"ತಗೋಲಿಲ್ರಿ. ಮೇಲುಸಹಿ ಬೇಕಂತ್ರಿ."

"ಅಯ್ಯ, ಹೌದಾ? ಇರ್ಲಿ ಬಿಡು. ಮುಂದಿನ ವರ್ಷ ಐತಲ್ಲ, ವಯಸ್ಸೇನು ಓಡಿ ಹೋಗ್ತೈತಿ?" ಮೇಡಂ ಕೈ ಚಾಚಿದರು. "ಕೊಡಿಲ್ಲೆ, ಕಪಾಟಿನ್ಯಾಗ ಇಡ್ತೇನಿ."

ತುಳಜಾ ಕೊಡಲಿಲ್ಲ. "ಯಲ್ಲಪ್ಪನವ್ರಿಗೆ ನೀವು ಹೇಳಿದ್ರೇನ್ರಿ?"

ಮೇಡಂ ಚಾಚಿದ ಕೈಯನ್ನು ಮಡಿಲಿಗೆ ತೆಗೆದುಕೊಂಡರು. ಸುಳ್ಳು ಹೇಳಲೂ ಬೇಸರವಾದವರಂತೆ ಕಂಡರು.

"ಹೇಳಿಲ್ಲ. ಹೇಳಿ ನಾ ಏನ್ ಮಾಡ್ಲಿ? ನೀ ಪಾಸಾಗ್ತಿ. ಆಮ್ಯಾಲ ಯಾವುದರ ಅಂಗಡ್ಯಾಗ, ಆಫೀಸಿನ್ಯಾಗ ಕುರ್ಚಿ ಹಿಡೀತಿ. ನನ್ನ ಇಂಗ್ಲಿಷ್ ಎಷ್ಟ ಐತಿ ಅಂತ ನಿನಗ ಗೊತ್ತೈತಿ, ನನಗ ಗೊತ್ತೈತಿ. ನಮ್ಮ ಮನೆಯವರದು ಮಿಲ್ಲಿನ್ಯಾಗ ಕಾಂಟ್ರಾಕ್ಟಿನ ಕೆಲಸ, ಇವತ್ತ ಐತಿ, ನಾಳೆ ಇಲ್ಲ. ಈ ಕ್ಲಾಸು ಮುಳುಗಿದ್ರ ನಾ ಎಲ್ಲಿ ಹೋಗ್ಲಿ? ನಿನಗೇನು ಕಡಿಮಿ ಮಾಡೇನಿ ಇಲ್ಲೆ?"

ಕಡಿಮೆ ಮಾಡಿರಲಿಲ್ಲ ಎಂದು ತುಳಜಾಳಿಗೂ ಗೊತ್ತಿತ್ತು. ಹಬ್ಬಕ್ಕೆ ಸೀರೆ ಕೊಟ್ಟಿದ್ದರು, ಜ್ವರ ಬಂದರೆ ಗುಳಿಗೆ ಕೊಟ್ಟಿದ್ದರು. ಮುಕಾದಮ ಇಷ್ಟು ಒಳ್ಳೆಯವನಾಗಿರಲಿಲ್ಲ. ಆದರೆ ಕಾರ್ಡುಗಳ ಚೀಲದ ಬಾಯಿ ಕಟ್ಟುವಾಗ ಅವನು ಎಲ್ಲರ ಎದುರಿಗೇ ಹೇಳುತ್ತಿದ್ದ: ಇವು ನನ್ನ ಕಡೆ ಇದ್ರ ನೀವು ನಡುವ ಓಡಿ ಹೋಗೂದಿಲ್ಲ. ಅವನು ಹೇಳಿಯೇ ಇಟ್ಟುಕೊಳ್ಳುತ್ತಿದ್ದ.

ಅವಳು ಲಕೋಟೆಯನ್ನು ರವಿಕೆಯೊಳಗೆ ಸೇರಿಸಿ, ಕಪ್ಪುಗಳನ್ನೆಲ್ಲ ಒಟ್ಟುಮಾಡಿ ಬಚ್ಚಲಿಗೆ ಒಯ್ದು ತೊಳೆದಳು. ಐವತ್ತರ ಮೇಲಿದ್ದವು. ಒರೆಸಿ ಬೋರಲು ಹಾಕಿದಳು. ಕೋಣೆ ಗುಡಿಸಿದಳು. ಆಮೇಲೆ ಮೂಲೆಯಲ್ಲಿದ್ದ ನೋಟ್‌ಬುಕ್ಕಿನ ಚೀಲವನ್ನು ಎತ್ತಿ ತಂದು ಮೇಡಂ ಮುಂದಿನ ಟೇಬಲ್ಲಿನ ಮೇಲೆ ಇಟ್ಟಳು, ಅದರ ಮೇಲೆ ಕೆಂಪು ಪೆನ್ನು.

"ಸೋಮವಾರದಿಂದ ಬರೇ ಕಸಾ ಹೊಡೀತೇನ್ರಿ. ಇವನ್ನ ನೀವು ನೋಡ್ಕೋರಿ."

ಮೇಡಂ ಚೀಲ ನೋಡಿದರು, ಅವಳನ್ನು ನೋಡಿದರು. "ಹಂಗೇನು?"

"ಹೂಂ ರೀ."

"ಹಂಗಿದ್ರ ಕಸಾ ಹೊಡ್ಯಾಕೂ ಬರಬ್ಯಾಡ. ಚಪ್ಪಲಿ ಕಾಯಾಕ ದಾಂಡೇಲ್ಯಾಗ ಮಂದಿ ಕಡಿಮಿ ಇಲ್ಲ."

ತುಳಜಾ ಪೊರಕೆಯನ್ನು ಬಾಗಿಲ ಹಿಂದೆ ನಿಲ್ಲಿಸಿ ಹೊರಬಿದ್ದಳು.

ಗೋದುಬಾಯಿ ಎಲ್ಲವನ್ನೂ ಕೇಳಿ ಮೊದಲು ಮೇಡಂಗೆ ಬೈದಳು. ಆಮೇಲೆ ಇವಳಿಗೆ. "ಪರೀಕ್ಷಾ ಹೋತು ಅಂದ್ರ ಹೋತು, ಕೆಲಸಾ ಯಾಕ ಒದ್ದು ಬಂದಿ? ಆ ಕಾಗದಾ ಬೇಯಿಸ್ಕೊಂಡ ತಿಂತೀಯೇನು? ಬುಧವಾರ ಗ್ಯಾಂಗು ಹೊಂಡತೈತಿ, ಪರಶುರಾಮ ಒಬ್ಬನ ಅದಾನ. ಅವನ ಜೋಡಿ ಹೋಗು."

"ಹೋಗ್ತೇನಿ," ಎಂದಳು ತುಳಜಾ. "ಸೋಮವಾರ ಹಳಿಯಾಳಕ್ಕ ಹೋಗಿ ಮೇಲುಸಹಿ ಹಾಕಿಸ್ಕೊಂಡ ಆಮ್ಯಾಲ."

"ಮುಗದ ಹೋದದ್ದಕ್ಕ ಯಾಕ ಸಹಿ?"

ತುಳಜಾ ಬಸ್ಸಿನ ರೊಕ್ಕ ಎಣಿಸಿ ಲಕೋಟೆಯ ಜತೆ ಇಟ್ಟುಕೊಂಡಳು.

ಸೋಮವಾರ ಮೊದಲ ಬಸ್ಸಿಗೆ ಹೋದಳು. ಕಚೇರಿ ತೆರೆಯುವ ತನಕ ಕಟ್ಟೆಯ ಮೇಲೆ ಕಾದಳು. ಸಾಹೇಬರ ಕೋಣೆಯಲ್ಲಿ ಏನೇನೋ ಕೇಳುತ್ತಾರೆ, ಅರ್ಧ ದಿನ ನಿಲ್ಲಿಸುತ್ತಾರೆ, ನಾಳೆ ಬಾ ಎನ್ನುತ್ತಾರೆ ಎಂದೆಲ್ಲ ಅಂದುಕೊಂಡು ರೊಟ್ಟಿ ಕಟ್ಟಿಕೊಂಡು ಬಂದಿದ್ದಳು. ಒಳಗಿದ್ದ ಗುಮಾಸ್ತೆ ಟಿಸಿ ತೆಗೆದುಕೊಂಡು ಒಂದು ದಪ್ಪ ಪುಸ್ತಕದಲ್ಲಿ ನಂಬರು ಬರೆದುಕೊಂಡಳು. ಮೊಹರಿನ ಶಿಕ್ಕೆ ಹುಡುಕಿದಳು, ಅದು ಡ್ರಾಯರಿನಲ್ಲಿ ಸಿಕ್ಕಿತು. ಒತ್ತಿ ಒಳಗೆ ಒಯ್ದು ಸಹಿ ಹಾಕಿಸಿಕೊಂಡು ಬಂದು, ಮಸಿ ಆರಲೆಂದು ಒಮ್ಮೆ ಊದಿ, "ತಗೋ," ಎಂದಳು.

"ಇಷ್ಟನ್ರಿ?" ಎಂದು ತುಳಜಾ ಕೇಳಿದಳು.

"ಮತ್ತೇನ್ ಬೇಕಾಗಿತ್ತವಾ?"

ಎಲ್ಲ ಸೇರಿ ಹತ್ತು ನಿಮಿಷ ಹಿಡಿದಿತ್ತು. ಅವಳು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಮುಂಜಾನೆಯ ಹತ್ತೂವರೆ, ತಿರುಗಿ ಹೋಗುವ ಬಸ್ಸು ಹನ್ನೆರಡಕ್ಕೆ. ರೊಟ್ಟಿ ಬಿಚ್ಚಿದಳು, ಹಸಿವಿರಲಿಲ್ಲ, ಮತ್ತೆ ಕಟ್ಟಿದಳು.